ಹದಿನೇಳು ಇಂಚಿನ ಮರ್ಯಾದೆ

ಕಾಫಿಗೆ ಬೆಲೆ ಬಂದ ವರ್ಷ ಆ ಸುದ್ದಿ ಬ್ಯಾಂಕಿನವರಿಗಿಂತ ಮೊದಲು ರಸ್ತೆ ಬದಿ ನಿಂತವರಿಗೆ ಗೊತ್ತಾಗುತ್ತದೆ. ಮನೆಯಂಗಳಕ್ಕೆ ಇಂಟರ್‌ಲಾಕ್ ಬೀಳುತ್ತದೆ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಹೊಸ ಅಧ್ಯಕ್ಷರು ಸಿಗುತ್ತಾರೆ, ಗೊಬ್ಬರದ ಮೂಟೆಗಳ ಪಕ್ಕ ಟಾರ್ಪಾಲು ಹೊದ್ದು ಮಲಗಿದ್ದ ಹಳೆಯ ಎಸ್ಟೀಮ್ ಕಾರು ಎದ್ದು ಕೂರುತ್ತದೆ. ಮೊದಲೆರಡು ಖರ್ಚಿಗೆ ರಸೀದಿ ಇರುತ್ತದೆ, ಅಮೃತಶಿಲೆಯ ಮೇಲೆ ಹೆಸರೂ ಇರುತ್ತದೆ. ಮೂರನೆಯದಕ್ಕೆ ಇರುವುದು ಚಿಕ್ಕ ಗೌಡರ ಹಟ ಒಂದೇ: ಗಾಡಿಗೆ ಹದಿನೇಳು ಇಂಚಿನ ಅಲಾಯ್ ಚಕ್ರ ಬೇಕು.

ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಸೀಟಿನ, ನೆಲಕ್ಕೆ ಅಂಟಿದ ಕೆಂಪು ಗಾಡಿ ಎಂದು ಬೆಂಗಳೂರಿನವರು ನಂಬಿರಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಆ ಬಿರುದನ್ನು ಶೋರೂಮು ಕೊಡುವುದಿಲ್ಲ, ಮಣ್ಣಿನ ರಸ್ತೆ ಕೊಡುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಆ ಗೌರವ ಉಂಟು. 1994ರಲ್ಲಿ ಬಂದು 2007ರಲ್ಲಿ ನಿಂತುಹೋದ ಎಸ್ಟೀಮಿಗೆ ಉಂಟು. 106 ಕುದುರೆ ಶಕ್ತಿಯ ಹಳೆಯ ಹೋಂಡಾ ಸಿಟಿ ವಿಟೆಕ್‌ಗೂ ಉಂಟು. ಜಿಪ್ಸಿಯ ಜೊತೆಗೆ, ಮದುವೆ ಮನೆಗೆ ಹೋಗಿಬರಲೆಂದು ಕಂಪನಿಯವರು ಮಾಡಿದ ಈ ಸಾಧು ಸಂಸಾರಿ ಗಾಡಿಗಳನ್ನೂ ರ‍್ಯಾಲಿಯವರು ಒಳಗಿನ ಸೀಟು ಕಿತ್ತು, ಕಬ್ಬಿಣದ ಪಂಜರ ಕೂರಿಸಿ, ತೋಟದ ರಸ್ತೆಗಳಲ್ಲಿ ಹಾರಿಸಿ ತೋರಿಸಿದರು. ಅಂದು ಸಿಲ್ವರ್ ಓಕಿನ ಮರೆಯಲ್ಲಿ ನಿಂತು ಧೂಳು ಕುಡಿದ ಹುಡುಗರು ಇಂದಿನ ಚಿಕ್ಕ ಗೌಡರು. ಅವರಿಗೆ ಎಸ್ಟೀಮ್ ಕಾರಲ್ಲ, ಮನೆದೇವರು. ಸಮಸ್ಯೆ ಏನೆಂದರೆ, ದೇವರಿಗೆ ಕವಚ ಮಾಡಿಸುವಾಗ ಅಳತೆ ತೆಗೆಯುವ ನಮ್ಮ ಜನ ಗಾಡಿಗೆ ಚಕ್ರ ಮಾಡಿಸುವಾಗ ಅಳತೆ ತೆಗೆಯುವುದಿಲ್ಲ.

ಪೇಟೆಯ ಟೈರ್ ಅಂಗಡಿಯಲ್ಲಿ ನಡೆಯುವ ಸಂಭಾಷಣೆಯನ್ನು ಒಮ್ಮೆ ಕೇಳಿದರೆ ಸಾಕು, ಎಲ್ಲ ಅಂಗಡಿಯಲ್ಲೂ ಅದೇ.

‘ಅಣ್ಣ, ಎಸ್ಟೀಮಿಗೆ ಹದಿನೇಳು ಕೂರುತ್ತ?’

‘ಕೂರಿಸ್ತೀನಿ ಬಿಡಿ ಸಾರ್. ಕೂರದೆ ಎಲ್ಲೋಗುತ್ತೆ?’

ಅಲ್ಲಿಗೆ ತಾಂತ್ರಿಕ ಸಮಾಲೋಚನೆ ಮುಗಿಯಿತು. ಕೂರುತ್ತದೆಯೇ ಎಂದು ಕೇಳಿದರು, ಕೂತಿತು. ತಿರುಗುತ್ತದೆಯೇ ಎಂದು ಕೇಳಲಿಲ್ಲ. ಮನೆಗೆ ಹೋಗುವ ಮೊದಲ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಫೆಂಡರಿನ ಒಳಮೈ ಕೆರೆದು ‘ಕರ್ರ್’ ಎನ್ನುತ್ತದೆ. ಅದಕ್ಕೂ ಅಂಗಡಿಯಲ್ಲಿ ಔಷಧಿ ಇದೆ: ಫೆಂಡರಿನ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಿಸುವುದು. ಇಪ್ಪತ್ತೈದು ವರ್ಷ ತುಕ್ಕು ಹಿಡಿಯದೆ ಉಳಿದಿದ್ದ ತಗಡು ಪೇಂಟು ಬಿಟ್ಟುಕೊಂಡು ಮುಂದಿನ ಮಳೆಗಾಲದಿಂದ ತುಕ್ಕು ಹಿಡಿಯಲು ಶುರು.

ನನಗೆ ಆಶ್ಚರ್ಯ ಬೇರೆಯದು. ನಮ್ಮ ಕಾಫಿ ಬೆಳೆಗಾರನಷ್ಟು ಲೆಕ್ಕ ಬಲ್ಲ ಮನುಷ್ಯ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಎಷ್ಟು ಸೆಂಟು, ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ ಎಷ್ಟು ಡಾಲರು, ಇವತ್ತಿನ ವಿನಿಮಯ ದರ ಎಷ್ಟು, ತನ್ನ ಚೆರ್ರಿಯ ಔಟ್‌ಟರ್ನ್ ಎಷ್ಟು ಎಂಬುದನ್ನೆಲ್ಲ ಕಡುಬು ಮುರಿಯುತ್ತ ಮುರಿಯುತ್ತಲೇ 50 ಕಿಲೋ ಮೂಟೆಯ ರೂಪಾಯಿಗೆ ಇಳಿಸುತ್ತಾನೆ. ವ್ಯಾಪಾರಿ ಮೂಟೆಗೆ ಹತ್ತು ರೂಪಾಯಿ ಕಡಿಮೆ ಹೇಳಿದರೆ ಕೈಯಲ್ಲಿನ ತುತ್ತು ಕೈಯಲ್ಲೇ ನಿಲ್ಲುತ್ತದೆ. ಅದೇ ಮನುಷ್ಯನ ಮಗ 175/70 ಆರ್ 13 ಎಂದು ಟೈರಿನ ಮೇಲೆ ಎದ್ದು ಕಾಣುವಂತೆ ಬರೆದದ್ದನ್ನು ಶಾಸನ ಸಂಶೋಧಕರಿಗೆ ಬಿಟ್ಟಿದ್ದಾನೆ.

ಲೆಕ್ಕ ಇಷ್ಟೇ. 175 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಆ ಅಗಲದ ಶೇಕಡಾ ಎಪ್ಪತ್ತರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 122 ಮಿಲಿಮೀಟರು ಚಿಲ್ಲರೆ. 13 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ ರಿಮ್. ಕೂಡಿದರೆ ಚಕ್ರದ ಒಟ್ಟು ಎತ್ತರ 575 ಮಿಲಿಮೀಟರು. ಎಸ್ಟೀಮಿನ ಗೇರು, ಸ್ಪೀಡೋಮೀಟರು, ಬ್ರೇಕು, ಫೆಂಡರಿನ ಒಳಗಿನ ಜಾಗ ಎಲ್ಲವನ್ನೂ ಹೊಂದಿಸಿದ್ದು ಈ 575ಕ್ಕೆ. ರಿಮ್ ದೊಡ್ಡದು ಮಾಡುವವನು ಪಕ್ಕದ ಗೋಡೆಯನ್ನು ಅಷ್ಟೇ ತಗ್ಗಿಸಿ ಈ ಮೊತ್ತವನ್ನು ಕಾಪಾಡಬೇಕು. 14 ಇಂಚಿಗೆ 185/60 ಹಾಕಿದರೆ ಮೊತ್ತ 578. 15 ಇಂಚಿಗೆ 195/50 ಹಾಕಿದರೆ 576. ಎರಡೂ ತಪ್ಪಿಲ್ಲ. 16ಕ್ಕೆ 205/45 ಹಾಕಿದರೆ 591, ಅಲ್ಲಿಂದ ಗಾಡಿ ಗೊಣಗಲು ಶುರು. ನಮ್ಮ ಚಿಕ್ಕ ಗೌಡರ 215/40 ಆರ್ 17 ಎಷ್ಟು? 604. ಕಂಪನಿಯ ಲೆಕ್ಕಕ್ಕಿಂತ ಶೇಕಡಾ 5 ಹೆಚ್ಚು.

ಶೇಕಡಾ 5 ಅಷ್ಟೇ ತಾನೆ ಎನ್ನುವವರು ಆ ರಿಯಾಯಿತಿಯನ್ನು ಕಾಫಿ ವ್ಯಾಪಾರಿಗೆ ಒಮ್ಮೆ ಕೊಟ್ಟು ನೋಡಲಿ. ಗಾಡಿಯಲ್ಲಿ ಅದರ ಫಲ ಹೀಗಿದೆ. ಮೀಟರು 60 ತೋರಿಸುವಾಗ ಗಾಡಿ 63ರಲ್ಲಿರುತ್ತದೆ. ನೂರು ಕಿಲೋಮೀಟರು ಓಡಿದ್ದನ್ನು ಮೀಟರು 95 ಎಂದು ಬರೆದುಕೊಳ್ಳುತ್ತದೆ. ಮೈಲೇಜು ಬಿತ್ತು ಎಂದು ಪೆಟ್ರೋಲ್ ಬಂಕಿನ ಹುಡುಗನ ಮೇಲೆ ಅನುಮಾನ. ಗೇರುಗಳೆಲ್ಲ ಅಷ್ಟರಮಟ್ಟಿಗೆ ಉದ್ದವಾಗಿ, ಚಾರ್ಮಾಡಿ ಘಾಟಿಯ ಏರಿನಲ್ಲಿ ಮೂರರಲ್ಲಿ ನಿಸೂರಾಗಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿದು ಕಿರುಚುತ್ತದೆ. ಸ್ಪೋರ್ಟ್ಸ್ ಮಾಡಿಸಲು ಹೋಗಿ ಇದ್ದ ಓಟವನ್ನೂ ದುಡ್ಡು ಕೊಟ್ಟು ಕಳೆದುಕೊಳ್ಳುವ ಈ ವಿದ್ಯೆಗೆ ‘ಅಪ್‌ಗ್ರೇಡ್’ ಎನ್ನುತ್ತಾರೆ.

ತೂಕದ ಮಾತು ಯಾರೂ ಎತ್ತುವುದೇ ಇಲ್ಲ. ಚಕ್ರ ಸ್ಪ್ರಿಂಗಿನ ಕೆಳಗಿರುವ ವಸ್ತು. ಅಲ್ಲಿ ಹೆಚ್ಚಿದ ಒಂದೊಂದು ಕಿಲೋವನ್ನೂ ಗುಂಡಿಯಿಂದ ಗುಂಡಿಗೆ ಎತ್ತಿ ಇಳಿಸುವವನು ಶಾಕ್ ಅಬ್ಸಾರ್ಬರ್. ತಿರುಗಿಸುವವನು ಎಂಜಿನ್ನು, ನಿಲ್ಲಿಸುವವನು ಬ್ರೇಕು. ಅಲಾಯ್ ಹಗುರ ಎಂಬ ನಂಬಿಕೆ ನಿಜವಾಗಬೇಕಾದರೆ ಒಳ್ಳೆಯ ಕಂಪನಿಯದ್ದಾಗಿರಬೇಕು, ಅಳತೆಯೂ ಹತ್ತಿರದ್ದಾಗಿರಬೇಕು. ಯಾವುದೋ ಜರ್ಮನ್ ರಿಮ್ಮಿನ ರೂಪ ಕದ್ದು ಎರಕ ಹೊಯ್ದ ಹದಿನೇಳರ ಅಲಾಯ್, ಕಂಪನಿಯವರು ಕೊಟ್ಟ ಹದಿಮೂರರ ಕಬ್ಬಿಣದ ರಿಮ್ಮಿಗಿಂತ ಭಾರವಾಗಿರುವುದು ಮಾಮೂಲು. ಎಂಬತ್ತೈದು ಕುದುರೆಯ ಎಂಜಿನ್ನಿಗೆ ಆ ಚಕ್ರ ಕಟ್ಟುವುದು ಕರುವಿನ ಕಾಲಿಗೆ ಕೋಣನ ಗೊರಸು ಜೋಡಿಸಿದ ಹಾಗೆ.

ಇಷ್ಟಕ್ಕೂ ಈ ಹುಡುಗರು ಆರಾಧಿಸುವ ರ‍್ಯಾಲಿಯವರು ಏನು ಮಾಡುತ್ತಾರೆ? 2016ರಲ್ಲಿ ಗೌರವ್ ಗಿಲ್ ಸ್ಕೋಡಾ ಫೇಬಿಯಾ ಓಡಿಸಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದ ವರ್ಷ ಆ ಸರಣಿಯ ಭಾರತದ ಸುತ್ತು ನಡೆದದ್ದು ಇದೇ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ. ಅಂಥ ಗಾಡಿಗಳು ನುಣ್ಣನೆಯ ಡಾಂಬರಿನ ರ‍್ಯಾಲಿಗೆ 18 ಇಂಚಿನ ಚಕ್ರ ಹಾಕುತ್ತವೆ. ಮಣ್ಣು, ಜಲ್ಲಿಯ ರ‍್ಯಾಲಿಗೆ ಬಂದರೆ ಅದನ್ನು ಬಿಚ್ಚಿಟ್ಟು 15 ಇಂಚಿನ ರಿಮ್ಮಿಗೆ ಇಳಿಯುತ್ತವೆ, ಅದಕ್ಕೆ ದಪ್ಪ ಗೋಡೆಯ ಟೈರು ಹಾಕುತ್ತವೆ. ಕೋಟಿ ರೂಪಾಯಿ ಮೀರುವ ಯಂತ್ರ, ಹಿಂದೆ ಎಂಜಿನಿಯರುಗಳ ತಂಡ, ಬದಲಿ ಚಕ್ರಗಳ ರಾಶಿ ಎಲ್ಲ ಇದ್ದವನೂ ನಮ್ಮ ತೋಟದ ರಸ್ತೆ ಕಂಡ ಕೂಡಲೇ ರಿಮ್ ಸಣ್ಣದು ಮಾಡಿಕೊಳ್ಳುತ್ತಾನೆ. ಅದೇ ರಸ್ತೆಯಲ್ಲಿ ಹಾಲು ತರಲು ಹೋಗುವವನು ದೊಡ್ಡದು ಮಾಡಿಕೊಳ್ಳುತ್ತಾನೆ. ಚಾಂಪಿಯನ್ನರಿಗೆ ತಿಳಿವಳಿಕೆ ಸಾಲದು ಎಂದೇ ತೀರ್ಮಾನಿಸಬೇಕು.

ಇಲ್ಲಿಗೆ ಬಂದಾಗ ಚಿಕ್ಕ ಗೌಡರು ತುರುಫು ಎಲೆ ಎಸೆಯುತ್ತಾರೆ: ‘ಎಂತ ಮಾರಾಯ, ಥಾರ್‌ಗೆ ಕಂಪನಿಯವ್ರೇ ಹದಿನೆಂಟು ಕೊಟ್ಟಿಲ್ವ?’ ಕೊಟ್ಟಿದ್ದಾರೆ. 255/65 ಆರ್ 18. ಅದರ ಪಕ್ಕದ ಗೋಡೆ 166 ಮಿಲಿಮೀಟರು. ನಿಮ್ಮ ಹದಿನೇಳರದ್ದು 86. ರಿಮ್ ನೋಡಿದಿರಿ, ರಬ್ಬರು ನೋಡಲಿಲ್ಲ. ಗುಂಡಿಗೂ ರಿಮ್ಮಿಗೂ ನಡುವೆ ನಿಂತು ಪೆಟ್ಟು ತಿನ್ನುವುದು ಆ ರಬ್ಬರು. 122 ಇದ್ದಲ್ಲಿ 86 ಉಳಿಸಿಕೊಂಡು ಬಾಳೂರಿನಿಂದ ಕಳಸಕ್ಕೆ ಹೊರಡುವುದು ಧೈರ್ಯವಂತರ ಕೆಲಸ, ಒಪ್ಪಿದೆ. ಮಳೆಗಾಲದಲ್ಲಿ ಗುಂಡಿಯ ತುಂಬ ಕೆಂಪು ನೀರು. ಒಳಗೆ ಒಂದು ಗೇಣೋ ಒಂದು ಮೊಳವೋ ಯಾರಿಗೆ ಗೊತ್ತು? ಕಬ್ಬಿಣದ ರಿಮ್ಮಾದರೆ ಸೊಟ್ಟಗಾಗುತ್ತದೆ, ಸುತ್ತಿಗೆಯಲ್ಲಿ ಬಡಿದು ಊರು ಸೇರಬಹುದು. ಎರಕದ ಅಲಾಯ್ ಸೀಳುತ್ತದೆ. ಸೀಳಿದ ಅಲಾಯ್ ಹಿಡಿದುಕೊಂಡು ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಗೆ ಹೋದರೆ ಅಲ್ಲಿನವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ‘ಚೆನ್ನಾಗಿದೆ ಸಾರ್, ಎಷ್ಟು ಕೊಟ್ರಿ?’ ಎನ್ನುತ್ತಾನೆ. ಆಮೇಲೆ ನೀರುದೋಸೆ ತಿನ್ನಬಹುದು, ಬೇರೇನೂ ಆಗುವ ಹಾಗಿಲ್ಲ.

ಸ್ಟೆಪ್ನಿ ಹಾಕಿಕೊಂಡು ಹೋಗಬಹುದಲ್ಲ ಎನ್ನುತ್ತೀರಿ. ಸ್ಟೆಪ್ನಿಯ ಕಥೆಯೇ ಈ ಪುರಾಣದ ಅತ್ಯುತ್ತಮ ಅಧ್ಯಾಯ. ಹದಿನೇಳರ ಸೆಟ್ ಎಂದರೆ ನಾಲ್ಕು. ಐದನೆಯದು ಯಾರೂ ಕೊಳ್ಳುವುದಿಲ್ಲ, ಡಿಕ್ಕಿಯೊಳಗಿನದು ಜನರಿಗೆ ಕಾಣುವುದಿಲ್ಲವಲ್ಲ. ಆದ್ದರಿಂದ ಡಿಕ್ಕಿಯಲ್ಲಿ ಹಳೆಯ ಹದಿಮೂರೇ, ಗಾಳಿಯೂ ಇಲ್ಲದೆ, ಮಲಗಿರುತ್ತದೆ. 604ರ ಪಕ್ಕಕ್ಕೆ 575 ಕಟ್ಟಿದ ಗಾಡಿ ಒಂದು ಭುಜ ಇಳಿಸಿ ಹೊರಡುತ್ತದೆ. ಮುಂದಿನ ಚಕ್ರವಾದರಂತೂ ಡಿಫರೆನ್ಷಿಯಲ್ಲಿಗೆ ಊರು ಮುಟ್ಟುವವರೆಗೂ ಬಿಡುವಿಲ್ಲದ ದುಡಿಮೆ. ಅಲಾಯ್ ಬೋಲ್ಟಿಗೆ ಬೇರೆ ನಟ್ಟು, ಕಬ್ಬಿಣದ ರಿಮ್ಮಿಗೆ ಬೇರೆ ನಟ್ಟು ಬೇಕೆಂಬುದು ನೆನಪಾಗುವುದೂ ಆ ಕತ್ತಲಲ್ಲೇ. ಮೊತ್ತ ಕಾಪಾಡಿಕೊಂಡು 14ಕ್ಕೋ 15ಕ್ಕೋ ಹೋದವನಿಗೆ ಈ ಪಾಡಿಲ್ಲ. ಅವನ ಹಳೆಯ ಹದಿಮೂರು ಹೆಚ್ಚು ಕಡಿಮೆ ಅದೇ ಎತ್ತರ, ಮನೆ ಮುಟ್ಟಿಸುತ್ತದೆ.

ಬೋಲ್ಟಿನ ಮಾತು ಬಂತು. ನಾಲ್ಕು ತೂತಿಗೆ ನಾಲ್ಕು ಬೋಲ್ಟು ಎಂದು ತಿಳಿದವರಿದ್ದಾರೆ. ಆ ತೂತುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ ಕೆಲವು ಗಾಡಿಗೆ 100 ಮಿಲಿಮೀಟರು, ಕೆಲವಕ್ಕೆ 114.3. ಪಿಸಿಡಿ ಎನ್ನುವುದು ಇದನ್ನೇ. ಒಂದಕ್ಕೊಂದು ಕೂರದಿದ್ದರೆ ತೂತು ಹಿಗ್ಗಿಸಿಕೊಡುವ ಮಹಾನುಭಾವರೂ ಉಂಟು, ಅವರಿಗೆ ದೂರದಿಂದಲೇ ನಮಸ್ಕಾರ. ಇನ್ನು ಆಫ್‌ಸೆಟ್ಟು: ರಿಮ್ ಹಬ್ಬಿನಿಂದ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎಂಬ ಲೆಕ್ಕ. ಹೊರಗೆ ಚಾಚಿದರೆ ನೋಟ ಗಡುಸು ಎಂದು ಸ್ಪೇಸರ್ ಇಟ್ಟು ಚಾಚಿಸುತ್ತಾರೆ. ಬೇರಿಂಗಿಗೆ ಅದರ ಭಾರ, ಸ್ಟೀರಿಂಗಿಗೆ ಅದರ ಎಳೆತ, ಹಿಂದೆ ಸ್ಕೂಟರಿನಲ್ಲಿ ಬರುವ ಮೇಷ್ಟರ ಬಿಳಿ ಅಂಗಿಗೆ ಅದರ ಕೆಸರು.

ಇಷ್ಟೆಲ್ಲ ಆದ ಮೇಲೆ ಗಾಡಿ ಎತ್ತರವಾಗಿ ಕಾಣುತ್ತದೆಂಬ ಹೊಸ ಚಿಂತೆ. ಚಕ್ರ ದೊಡ್ಡದು ಮಾಡಿ ಎತ್ತರಿಸಿದವರು ಈಗ ಸ್ಪ್ರಿಂಗ್ ಕತ್ತರಿಸಿ ತಗ್ಗಿಸುತ್ತಾರೆ. ಪಲ್ಪರ್ ಮನೆಗೆ ಹೋಗುವ ದಾರಿಯ ನಡುವಿನ ಹುಲ್ಲುದಿಬ್ಬಕ್ಕೆ ಎಂಜಿನ್ನಿನ ತಳ ತಾಗಿ ಆಯಿಲ್ ಸಂಪು ಒಡೆಯುವವರೆಗೆ ಈ ಸಂಶೋಧನೆ ಮುಂದುವರಿಯುತ್ತದೆ.

ಹಳಬರ ಪರ ವಾದಿಸಲು ನಾನಿಲ್ಲಿ ಕೂತಿಲ್ಲ. ‘ನಮ್ಮ ಕಾಲದ ಜೀಪಿಗೆ 6.00-16 ಟೈರು, ಸಪೂರ ಇದ್ರೂ ಕೆಸರು ಸೀಳಿ ಗಟ್ಟಿ ನೆಲ ಹಿಡಿಯೋದು’ ಎಂದು ದೊಡ್ಡ ಗೌಡರು ಜಗುಲಿಯಿಂದ ಉಪದೇಶ ಮಾಡುತ್ತಾರೆ. ಮಾತು ಸರಿ. ಆದರೆ ಆ ಜೀಪು ಗುಜರಿಗೆ ಹೋಗಿ ವರ್ಷಗಳಾದವು, ಈಗ ಅವರ ಅಂಗಳದಲ್ಲಿ ನಿಂತಿರುವ ದೊಡ್ಡ ಗಾಡಿ ಡಾಂಬರು ಬಿಟ್ಟು ಇಳಿದದ್ದೇ ಇಲ್ಲ. ಅದರ ಟೈರಿಗೆ ತೋಟದ ಮಣ್ಣು ತಾಗಿದರೆ ಮೇಸ್ತ್ರಿ ಓಡಿಬಂದು ತೊಳೆಯಬೇಕು. ಜಿಪ್ಸಿಯವರದ್ದು ಇನ್ನೊಂದು ಪಂಗಡ. ಅವರು 31 ಇಂಚಿನ ಮಡ್ ಟೈರ್ ಕಟ್ಟಿ, ಚಿಕ್ಕಮಗಳೂರಿನ ಸಿಗ್ನಲ್ಲಿನಲ್ಲಿ ಹೆಲಿಕಾಪ್ಟರಿನ ಸದ್ದು ಮಾಡುತ್ತ, ದರ್ಶಿನಿಯ ಮುಂದೆ ಕಾಫಿ ಕುಡಿದು ವಾಪಸಾಗುತ್ತಾರೆ.

ಅಗಲವಾದ ಟೈರು ರಸ್ತೆ ಹಿಡಿಯುತ್ತದೆ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಒಣ ಡಾಂಬರಿನ ಮೇಲೆ, ತಿರುವಿನಲ್ಲಿ, ಒಳ್ಳೆಯ ರಬ್ಬರಾದರೆ ಹಿಡಿಯುತ್ತದೆ. ಗೋಡೆ ಗಿಡ್ಡವಾದಷ್ಟೂ ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿ ಮಾತು ಕೇಳುತ್ತದೆ, ಅದೂ ನಿಜ. ಹದಿಮೂರರಲ್ಲಿ ಒಳ್ಳೆಯ ಟೈರಿನ ಆಯ್ಕೆ ಕಡಿಮೆಯಾಗುತ್ತಿರುವುದೂ ನಿಜ. ಹಾಗಾಗಿ ರಿಮ್ ಬದಲಿಸುವ ಆಸೆ ಪೂರ್ತಿ ಹುಚ್ಚಲ್ಲ. ಆದರೆ ಒಣ ಡಾಂಬರು ನಮ್ಮಲ್ಲಿ ವರ್ಷಕ್ಕೆ ಎಷ್ಟು ತಿಂಗಳು? ಜೂನ್ ಬಂದರೆ ಮೂಡಿಗೆರೆಯಿಂದ ಆಚೆ ರಸ್ತೆಯ ಮೇಲೆ ಹಳ್ಳ ಹರಿಯುತ್ತದೆ. ನಿಂತ ನೀರಿನ ಮೇಲೆ ಅಗಲವಾದ ಟೈರು ಬೇಗ ತೇಲುತ್ತದೆ, ಸಪೂರದ್ದು ನೀರು ಸೀಳಿ ನೆಲ ಮುಟ್ಟುತ್ತದೆ. ತೇಲುವ ಗಾಡಿಗೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಚಾರ್ಮಾಡಿಯಲ್ಲಿ ಅದರ ಪಕ್ಕದಲ್ಲಿ ತಡೆಗೋಡೆಯೂ ಎಲ್ಲೆಡೆ ಇಲ್ಲ.

ಅಲಾಯ್ ಮೇಲೆ ಸುರಿದ ದುಡ್ಡಿನ ಕಾಲು ಭಾಗ ರಬ್ಬರಿನ ಮೇಲೆ ಹಾಕಿದ್ದರೆ ಗಾಡಿ ನಿಜಕ್ಕೂ ಚುರುಕಾಗುತ್ತಿತ್ತು. ಆದರೆ ರಿಮ್ಮಿಗೆ ಲಕ್ಷ ಕೊಟ್ಟವನು ಟೈರು ಮಾತ್ರ ‘ಸೆಕೆಂಡ್ಸಲ್ಲಿ ಸಿಕ್ರೆ ನೋಡಣ್ಣ’ ಎನ್ನುತ್ತಾನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಜಾತಕ ಅಚ್ಚಾಗಿರುತ್ತದೆ; 2317 ಎಂದಿದ್ದರೆ 2017ರ 23ನೇ ವಾರದಲ್ಲಿ ಹುಟ್ಟಿದ್ದು ಎಂದರ್ಥ. ಕೂಡಾವಳಿಗೆ ಗಣ, ನಕ್ಷತ್ರ, ನಾಡಿ ಎಲ್ಲ ನೋಡುವ ಮನೆಯವರು ಈ ಜಾತಕ ನೋಡುವುದಿಲ್ಲ. ಗಟ್ಟಿಯಾಗಿ, ಸೀಳು ಬಿಟ್ಟ ಮುದಿ ಟೈರು ಹೊಳೆಯುವ ರಿಮ್ಮಿನ ಮೇಲೆ ಮದುಮಗನಂತೆ ಕೂರುತ್ತದೆ. ಟ್ರೆಡ್ಡಿನ ಆಳ 1.6 ಮಿಲಿಮೀಟರಿಗಿಂತ ಕೆಳಗಿಳಿದರೆ ಕಾರಿನ ಟೈರು ಕಾನೂನಿನ ಪ್ರಕಾರವೇ ನಿವೃತ್ತ. ನಮ್ಮ ಮಳೆಗೆ ಅದಕ್ಕಿಂತ ಬಹಳ ಮೊದಲೇ ನಿವೃತ್ತಿ ಕೊಡಬೇಕು.

ಕಾನೂನು ಎಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ, ಯಾರೂ ಹೆದರುವುದಿಲ್ಲ ಎಂಬ ಭರವಸೆಯಿಂದ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ನಿಯಮಕ್ಕೆ ವಿರುದ್ಧವಾಗಿ ಬಿಡಿಭಾಗ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ನಾಲ್ಕು ಚಕ್ರ ಎಂದರೆ ಒಂದು ಬದಲಾವಣೆಯೋ ನಾಲ್ಕೋ ಎಂಬುದರ ಮೇಲೆ ವಕೀಲರು ಒಂದು ಕಾಫಿ ಕೊಯ್ಲಿನಷ್ಟು ಕಾಲ ವಾದಿಸಬಹುದು. ರಸ್ತೆಯಲ್ಲಿ ಯಾರೂ ಹಿಡಿಯದಿದ್ದರೂ ಅಪಘಾತವಾದ ದಿನ ವಿಮೆ ಕಂಪನಿಯ ಸರ್ವೇಯರ್ ಬಂದು ಟೈರಿನ ಅಂಕಿಯನ್ನು ಭಕ್ತಿಯಿಂದ ಬರೆದುಕೊಳ್ಳುತ್ತಾನೆ. ಆ ಅಂಕಿಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದ ಮನುಷ್ಯ ಅವನೇ.

ಹಾಗಾದರೆ ಎಸ್ಟೀಮಿಗೆ ಏನು ಹಾಕಬೇಕು? ಕಳಸ, ಹೊರನಾಡು, ಸಂಸೆ ಕಡೆ ಓಡಾಟವಿದ್ದರೆ 185/60 ಆರ್ 14, ಐದೂವರೆ ಇಂಚು ಅಗಲದ ರಿಮ್, ಐದು ಚಕ್ರ, ಹೊಸ ರಬ್ಬರು. ಡಾಂಬರು ಬಿಟ್ಟು ಇಳಿಯುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಇಡಬಲ್ಲವರು 195/50 ಆರ್ 15ಕ್ಕೆ ಹೋಗಲಿ. ಅಲ್ಲಿಂದ ಮುಂದಿನದ್ದು ಗಾಡಿಗಲ್ಲ, ನೋಡುವವರಿಗೆ.

ನೋಡುವವರು ಯಾರು ಎಂಬುದೂ ಗುಟ್ಟಲ್ಲ. ತೋಟದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂಜರಿಯುವ ಕಾಲ ಇದು. ಎಕರೆ ಎಷ್ಟು ಎಂಬುದಕ್ಕಿಂತ ಬೆಂಗಳೂರಿನಲ್ಲಿ ಫ್ಲ್ಯಾಟ್ ಇದೆಯೇ ಎಂದು ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲದವನು ಅಂಗಳದಲ್ಲಿ ಹದಿನೇಳು ಇಂಚಿನ ಮರ್ಯಾದೆ ನಿಲ್ಲಿಸುತ್ತಾನೆ. ಆದ್ದರಿಂದ ಹೆಣ್ಣು ಹೆತ್ತವರಲ್ಲಿ ಒಂದು ಮನವಿ. ಗಂಡಿನ ಮನೆಗೆ ಹೋದಾಗ ರಿಮ್ಮಿನ ಹೊಳಪು ನೋಡಬೇಡಿ. ಕಾಫಿ ಕುಡಿದಾದ ಮೇಲೆ ಹುಡುಗನಿಂದಲೇ ಡಿಕ್ಕಿ ತೆಗೆಸಿ. ಸ್ಟೆಪ್ನಿ ಇದೆಯೇ, ಅದು ಉಳಿದ ನಾಲ್ಕರ ಎತ್ತರಕ್ಕೆ ಸರಿಯಿದೆಯೇ, ಒಳಗೆ ಗಾಳಿ ಇದೆಯೇ ನೋಡಿ. ಇದ್ದರೆ ಮಾತುಕತೆ ಮುಂದುವರಿಸಬಹುದು.